ಸಿಕಲ್ ಸೆಲ್ ರೋಗಿಗೆ ಅಂಗವೈಕಲ್ಯ ಪ್ರಮಾಣಪತ್ರ ನಿರಾಕರಿಸಿದರೆ ಮೇಲ್ಮನವಿ ಸಲ್ಲಿಸುವ ಬಗೆ

ಚಾಮರಾಜನಗರದ ಸೋಲಿಗರೂ ಸೇರಿದಂತೆ ಅನೇಕ ಬುಡಕಟ್ಟು ಕುಟುಂಬಗಳನ್ನು ಕಾಡುವ, ಆನುವಂಶಿಕ ರಕ್ತದ ಕಾಯಿಲೆಯಾದ ಸಿಕಲ್ ಸೆಲ್ ಅನ್ನು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೂ ಉದ್ಯೋಗ ಮೀಸಲಾತಿಯಂತಹ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯ ದೃಢಪಟ್ಟಿರಬೇಕು. ತಪಾಸಣೆಯ ದಿನ ನೋವಿಲ್ಲದೆ ನಡೆದು ಬಂದವರಿಗೆ ಅದಕ್ಕಿಂತ ಕಡಿಮೆ ಬರೆದು ಕಳುಹಿಸುವುದುಂಟು. ಬಿಟ್ಟು ಬಿಟ್ಟು ಕಾಡುವ ಕಾಯಿಲೆಯನ್ನು ಒಂದು ದಿನದ ನೋಟದಿಂದ ಅಳೆಯಲಾಗದು ಎಂಬುದನ್ನು ದಾಖಲೆಗಳ ಮೂಲಕ ತೋರಿಸುವುದೇ ಮೇಲ್ಮನವಿಯ ಮುಖ್ಯ ಕೆಲಸ.

ನಿರಾಕರಣೆಯ ಕಾರಣವನ್ನು ಮೊದಲು ಬರಹದಲ್ಲಿ ಪಡೆಯಿರಿ. ಅಂಗವೈಕಲ್ಯವಿಲ್ಲವೆಂದು ತೀರ್ಮಾನಿಸಿದರೆ ಅದನ್ನು ಲಿಖಿತವಾಗಿ ತಿಳಿಸಬೇಕೆಂದು ಅದೇ ಅಧಿನಿಯಮದ 58ನೇ ಸೆಕ್ಷನ್ ಹೇಳುತ್ತದೆ. ಶೇಕಡಾವಾರು ಕಡಿಮೆಯಾಗಿದ್ದರೆ, ಅಂಕ ಹಾಕಿದ ಮೌಲ್ಯಮಾಪನ ಹಾಳೆಯನ್ನು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಕೇಳಬಹುದು. ಆದರೆ ಆ ಉತ್ತರಕ್ಕೆ 30 ದಿನ ಹಿಡಿಯಬಹುದಾದ್ದರಿಂದ ಅದಕ್ಕಾಗಿ ಕಾಯುತ್ತ ಮೇಲ್ಮನವಿಯ ಗಡುವು ಕಳೆದುಕೊಳ್ಳಬೇಡಿ.

ಮೇಲ್ಮನವಿಯ ಹಕ್ಕು 59ನೇ ಸೆಕ್ಷನ್‌ನಲ್ಲಿದೆ. ಅದನ್ನು ಆಲಿಸುವ ಪ್ರಾಧಿಕಾರ ಮತ್ತು ಕಾಲಮಿತಿಯನ್ನು ರಾಜ್ಯ ಸರ್ಕಾರವೇ ಗೊತ್ತುಪಡಿಸುವುದರಿಂದ, ಆದೇಶ ಕೈಸೇರಿದ ಕೂಡಲೇ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಅಷ್ಟು ದೂರ ಹೋಗಲಾಗದವರು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರ ನೆರವು ಕೇಳಬಹುದು. ಗಡುವು ಹತ್ತಿರವಿದ್ದರೆ ಚಿಕ್ಕ ಮನವಿಯನ್ನಾದರೂ ಕೊಟ್ಟು, ಉಳಿದ ದಾಖಲೆಗಳನ್ನು ಆಮೇಲೆ ಸಲ್ಲಿಸುವುದಾಗಿ ಅದರಲ್ಲೇ ಬರೆಯಿರಿ.

ಹೆಚ್ಚಿನ ಶ್ರಮ ಬೇಕಾದದ್ದು ದಾಖಲೆಗಳಿಗೆ. ಕಾಯಿಲೆಯನ್ನು ದೃಢಪಡಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಎಂಬ ರಕ್ತಪರೀಕ್ಷೆಯ ವರದಿ, ಪ್ರತಿ ಬಾರಿ ಆಸ್ಪತ್ರೆಗೆ ದಾಖಲಾದಾಗಿನ ಡಿಸ್ಚಾರ್ಜ್ ಸಾರಾಂಶ, ರಕ್ತ ಏರಿಸಿದ ವಿವರ, ಸೊಂಟದ ಕೀಲು ಸವೆದಿದ್ದರೆ ಅದರ ಎಕ್ಸ್-ರೇ ಅಥವಾ ಎಂಆರ್‌ಐ, ಇವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ಆಸ್ಪತ್ರೆಯಲ್ಲಿರುವ ದಾಖಲೆಯನ್ನು ರೋಗಿ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂಬ ನಿಯಮ 2002ರಿಂದಲೂ ಇದೆ, ಸಂಕೋಚವಿಲ್ಲದೆ ಕೇಳಿ. ಚಿಕಿತ್ಸೆ ನೀಡುವ ವೈದ್ಯರ ಪತ್ರವು ರೋಗದ ಹೆಸರಿಗಷ್ಟೇ ನಿಲ್ಲದೆ, ಎಷ್ಟು ದೂರ ನಡೆಯಬಲ್ಲರು, ಎಷ್ಟು ಹೊತ್ತು ನಿಲ್ಲಬಲ್ಲರು ಎಂಬುದನ್ನೂ ಹೇಳಬೇಕು. ನಿಮ್ಮ ಹೇಳಿಕೆಯೂ ಹಾಗೆಯೇ ಇರಲಿ. “ತುಂಬಾ ನೋವಿರುತ್ತದೆ” ಎಂದರೆ ಓದುವವರಿಗೆ ಏನೂ ತಿಳಿಯದು. “ನೋವು ಎದ್ದಾಗ ಮೂರು ದಿನ ಹಾಸಿಗೆಯಿಂದ ಏಳಲಾಗುವುದಿಲ್ಲ, ಶೌಚಕ್ಕೂ ಅಮ್ಮ ಹಿಡಿದು ಕರೆದೊಯ್ಯಬೇಕು, ಆ ವಾರದ ಕೂಲಿ ತಪ್ಪುತ್ತದೆ” ಎಂದು ಇದ್ದುದನ್ನು ಇದ್ದಂತೆ ಬರೆದರೆ ತಿಳಿಯುತ್ತದೆ. ಕೆಲಸದ ಅಥವಾ ಶಾಲೆಯ ಹಾಜರಾತಿ ಪುಸ್ತಕದ ನಕಲು ಸಿಕ್ಕರೆ ಅದಕ್ಕೆ ಒಳ್ಳೆಯ ಬೆಂಬಲ.

ಮನವಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಮರುತಪಾಸಣೆಗೆ ಕರೆದಾಗ, ನೋವಿನ ದಿನಗಳಲ್ಲಿ ಆರೈಕೆ ಮಾಡುವವರನ್ನು ಜೊತೆಗೆ ಕರೆದೊಯ್ಯಿರಿ. ಮನವಿಗೆ ಉತ್ತರವೇ ಬಾರದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ವಕೀಲರ ವೆಚ್ಚ ಭರಿಸಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ.