ಅವಘಡದ ಮೊದಲ ಸುದ್ದಿ ಓದುವಾಗ ಗಡಿಯಾರವನ್ನೂ ನೋಡಿ

ಎಲ್ಲರಿಗೂ ನಮಸ್ಕಾರ. ದೊಡ್ಡ ಅವಘಡವಾದ ಮೊದಲ ಕೆಲವು ಗಂಟೆಗಳ ಸುದ್ದಿಯನ್ನು ಇತರರಿಗೆ ಕಳುಹಿಸುವ ಮುನ್ನ 2023ರ ಜೂನ್ 2ರ ರಾತ್ರಿಯನ್ನು ನೆನಪಿಸಿಕೊಳ್ಳಬೇಕೆಂದು ಕೋರುತ್ತೇನೆ. ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಲೈನಿಗೆ (ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿಗೆ) ನುಗ್ಗಿ, ನಿಂತಿದ್ದ ಗೂಡ್ಸ್ ರೈಲಿಗೆ ಅಪ್ಪಳಿಸಿತು. ಹಳಿ ತಪ್ಪಿದ ಅದರ ಬೋಗಿಗಳು ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲಿನ ಹಿಂಭಾಗಕ್ಕೆ ಬಡಿದವು. ಆದರೆ ಆರಂಭದ ವರದಿಗಳಲ್ಲಿ ಮೊದಲು ಹಳಿ ತಪ್ಪಿದ ರೈಲು ಯಾವುದೆಂಬುದೇ ಅದಲುಬದಲಾಗಿತ್ತು. ಮೃತರ ಸಂಖ್ಯೆ 288 ಎಂದು ಪ್ರಕಟವಾಗಿ, ಜೂನ್ 4ರಂದು 275ಕ್ಕೆ ಇಳಿದು, ಎರಡು ದಿನಗಳ ಬಳಿಕ ಮತ್ತೆ 288ಕ್ಕೆ ಏರಿತು. ಕೆಲವು ಶವಗಳು ಎರಡು ಬಾರಿ ಲೆಕ್ಕಕ್ಕೆ ಬಂದಿದ್ದವು ಎಂಬುದು ಸಂಖ್ಯೆ ಇಳಿಸಿದಾಗ ಅಧಿಕಾರಿಗಳು ಕೊಟ್ಟ ವಿವರಣೆ.

ಕತ್ತಲಲ್ಲಿ, ನಜ್ಜುಗುಜ್ಜಾದ ಬೋಗಿಗಳ ನಡುವೆ ಗಾಯಾಳುಗಳನ್ನು ಹೊರಗೆಳೆಯುತ್ತಿರುವವರಿಗೆ ಎಣಿಸಲು ಪುರುಸೊತ್ತಿರುವುದಿಲ್ಲ. ಒಬ್ಬರ ಅಂದಾಜು ಇನ್ನೊಬ್ಬರ ಬಾಯಲ್ಲಿ ಖಚಿತ ಸಂಗತಿಯಾಗಿಬಿಡುತ್ತದೆ. ಆದ್ದರಿಂದ ಸುದ್ದಿ ಎಷ್ಟು ಗಂಟೆಯದು, ಹೇಳಿದವರು ಸ್ಥಳದಲ್ಲಿದ್ದವರೇ ಅಥವಾ ಕೇಳಿ ಹೇಳಿದವರೇ ಎಂಬುದನ್ನು ಮೊದಲು ನೋಡಿ. ಹತ್ತು ವಾಹಿನಿಗಳು ಒಂದೇ ಸಂಖ್ಯೆ ಹೇಳಿದರೂ ಮೂಲ ಒಂದೇ ಇರಬಹುದು, ಇದನ್ನು ನಾವು ಮರೆಯುವುದೇ ಹೆಚ್ಚು. ಮೃತರ ಹೆಸರು, ಫೋಟೊಗಳನ್ನಂತೂ ದಯವಿಟ್ಟು ಹಂಚಬೇಡಿ. ಆ ರೈಲಿನಲ್ಲಿ ಮಗನನ್ನು ಕಳುಹಿಸಿದ ತಾಯಿಯೊಬ್ಬರು ಅದೇ ಗಳಿಗೆಯಲ್ಲಿ ಫೋನ್ ಹಿಡಿದು ಕುಳಿತಿರುತ್ತಾರೆ. ರೈಲು ಅಪಘಾತವಾದರೆ 139ಕ್ಕೆ ಅಥವಾ ರೈಲ್ವೆ ಪ್ರಕಟಿಸುವ ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಿ.