ಅಂಗಳದ ಪೈನ್ ಬೆಂಚು ಬಿಸಿಲು-ಮಳೆ ತಡೆಯಬೇಕಾದರೆ

ಕಲಬುರಗಿಯಲ್ಲಿ ಹೊರಗಿಟ್ಟ ಪೈನ್ ಕಟ್ಟಿಗೆಗೆ ಮೊದಲ ಏಟು ಬಿಸಿಲಿನದು. ಏಪ್ರಿಲ್-ಮೇ ತಿಂಗಳ 42-43 ಡಿಗ್ರಿ ಒಣ ಶಾಖಕ್ಕೆ ಹಲಗೆ ಕುಗ್ಗಿ ತುದಿಯಲ್ಲಿ ಸೀಳು ಬಿಡುತ್ತದೆ. ಜೂನ್ ಮಳೆ ಆ ಸೀಳಿಗೆ ಇಳಿಯುತ್ತದೆ. ಹಾಗಾಗಿ ಬಣ್ಣದ ಕೆಲಸ ಫೆಬ್ರುವರಿ-ಮಾರ್ಚಿನಲ್ಲೇ ಮುಗಿಯಬೇಕು, ಅದೂ ಬೆಳಿಗ್ಗೆ, ನೆರಳಲ್ಲಿ. ಕಾದ ಹಲಗೆಗೆ ಹಚ್ಚಿದರೆ ಬಣ್ಣದ ಮೇಲ್ಪದರ ಬೇಗ ಗಟ್ಟಿಯಾಗಿ, ಒಳಗಿನ ಟರ್ಪೆಂಟೈನ್ ಆವಿಗೆ ದಾರಿ ಸಿಗದೆ ಗುಳ್ಳೆ ಏಳುತ್ತವೆ.

ಎದ್ದ ಹಳೇ ಬಣ್ಣ ಕೆರೆದು ತೆಗೆದು, 80 ನಂಬರ್ ಪಾಲಿಶ್ ಪೇಪರಿನಿಂದ ನಾರಿನ ಗುಂಟ ತಿಕ್ಕಿ, ಅದಕ್ಕಿಂತ ನುಣುಪಾದ 120 ನಂಬರಿಗೆ ನಿಲ್ಲಿಸಿ. ಬೂದು ಪದರ ಪೂರ್ತಿ ಹೋಗಿ ಹಳದಿ ಕಟ್ಟಿಗೆ ಕಾಣಬೇಕು. ಬೂದು ಎಂದರೆ ಬಿಸಿಲಿಗೆ ಸತ್ತ ನಾರು. ಅದರ ಮೇಲೆ ಹಚ್ಚಿದ ಬಣ್ಣ ನಾರಿನ ಸಮೇತ ಕಿತ್ತು ಬರುತ್ತದೆ. ಪೈನ್ ಗಂಟುಗಳು ಶಾಖಕ್ಕೆ ರಾಳ ಉಗುಳುತ್ತವೆ, ಬಣ್ಣದ ಮೇಲೆ ಹಳದಿ ಕಲೆ ಬೀಳುತ್ತದೆ. ಅಲ್ಲಿಗೆ ಮೊದಲೇ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಎರಡು ಸಲ ಹಚ್ಚಿ.

ಇನ್ನು ಬೆಂಚು ತಲೆಕೆಳಗು ಮಾಡಿ ಕಾಲುಗಳ ತುದಿ ನೋಡಿ. ಬಹಳ ಬೆಂಚುಗಳು ಕೊಳೆಯಲು ಶುರುವಾಗುವುದು ಇಲ್ಲಿಂದ. ಕೊಯ್ದ ಜೋಳದ ದಂಟಿನಂತೆ ಅಡ್ಡ ಕೊಯ್ದ ತುದಿ ನೀರನ್ನು ಮೇಲಕ್ಕೆ ಹೀರುತ್ತದೆ. ಬಣ್ಣಕ್ಕೂ ಮೊದಲು, ಒಣಗಿದ ಬರೀ ಕಟ್ಟಿಗೆಗೆ, ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಸಮಪ್ರಮಾಣದಲ್ಲಿ ಕಲಸಿ ತುದಿಗೆ ಒತ್ತಿ ತಿಕ್ಕಿ. ಬದಿಗೂ ಒಂದು ಬೆರಳಗಲ ಬರಲಿ. 24 ಗಂಟೆ ಬಿಡಿ. ಹಲಗೆಗಳ ಕೊಯ್ದ ತುದಿಗಳಿಗೂ ಇದೇ ಉಪಚಾರ. ಎರೆ ಮಣ್ಣು ಮಳೆ ನಿಂತ ಮೇಲೂ ದಿನಗಟ್ಟಲೆ ಹಸಿ ಇರುತ್ತದೆ, ಗೆದ್ದಲೂ ಅಲ್ಲಿಂದಲೇ ಹತ್ತುತ್ತದೆ. ಪ್ರತಿ ಕಾಲಿನ ಕೆಳಗೆ ಶಹಾಬಾದ್ ಕಲ್ಲಿನ ತುಂಡೊಂದು ಇಡಿ.

ಮೊದಲು ಹೊರಾಂಗಣದ ವುಡ್ ಪ್ರೈಮರ್ ಒಂದು ಕೋಟ್. ಮರುದಿನ 180 ನಂಬರ್ ಪೇಪರಿನಿಂದ ಹಗುರಾಗಿ ತಿಕ್ಕಿ, ಧೂಳು ಒರೆಸಿ, ದಿನಕ್ಕೊಂದರಂತೆ ಎರಡು ಕೋಟ್ ಎನಾಮೆಲ್. ನಾಲ್ಕು ಅಡಿ ಬೆಂಚಿಗೆ ಒಂದು ಲೀಟರ್ ಧಾರಾಳ. ತಳಕ್ಕೂ ಅಷ್ಟೇ ಕೋಟ್ ಬೇಕು. ಮೇಲೆ ಮಾತ್ರ ಹಚ್ಚಿದ ಹಲಗೆ ಒಂದೇ ಕಡೆ ನೀರು ಹೀರಿ ಬಾಗುತ್ತದೆ. ತಿಳಿ ಬಣ್ಣ ಆರಿಸಿ, ಕಪ್ಪು-ಕಂದು ಬಿಸಿಲಿಗೆ ಹೆಚ್ಚು ಕಾಯುತ್ತವೆ. ಪಾರದರ್ಶಕ ವಾರ್ನಿಶ್ ಬಯಲಿಗೆ ಬೇಡವೇ ಬೇಡ: ಬಿಸಿಲು ಅದರ ಮೂಲಕ ಹಾದು ಕೆಳಗಿನ ನಾರನ್ನು ಕೊಲ್ಲುತ್ತದೆ, ವಾರ್ನಿಶ್ ಹೊಪ್ಪಳೆಯಾಗಿ ಏಳುತ್ತದೆ.

ಕಟ್ಟಿಗೆಯ ಗೆರೆ ಕಾಣಲೇಬೇಕೆಂದರೆ ಬೆಂಚನ್ನು ಪಡಸಾಲೆಯ ನೆರಳಿಗೆ ಸರಿಸಿ ಅಗಸೆ ಎಣ್ಣೆ ಹಚ್ಚಿ. ಬಣ್ಣದ ಅಂಗಡಿಯಲ್ಲಿ 'ಬಾಯಿಲ್ಡ್' ಎಂದು ಕೇಳಿ ತನ್ನಿ. ಗಾಣದ ಹಸಿ ಎಣ್ಣೆ ಬೇಗ ಒಣಗದೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಮೊದಲ ಕೈಗೆ ಎಣ್ಣೆ, ಟರ್ಪೆಂಟೈನ್ ಸಮಸಮ. 20 ನಿಮಿಷ ಬಿಟ್ಟು ಮಿಕ್ಕಿದ್ದನ್ನು ಒರೆಸಿ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಹಾಕಿ.

ಮಳೆಗಾಲದಲ್ಲಿ ತಾಡಪಾಲು ಬಿಗಿಯಾಗಿ ಸುತ್ತಿದರೆ ಒಳಗೆ ಹಬೆ ಕಟ್ಟಿ ಬೂಸು ಬರುತ್ತದೆ. ಕೆಳಗೆ ಗಾಳಿಯಾಡುವಂತೆ ಸಡಿಲ ಹೊದಿಸಿ. ಅಕ್ಟೋಬರಿನಲ್ಲಿ ಮೊಳೆ-ಸ್ಕ್ರೂಗಳ ಸುತ್ತ ಬಣ್ಣ ಬಿರಿದಿದೆಯಾ ನೋಡಿ, ಅಷ್ಟು ಜಾಗ ಮಾತ್ರ ತಿಕ್ಕಿ ಮತ್ತೆ ಹಚ್ಚಿ.