ತಮ್ಮನ ತಲೆಗೆ ಪೆಟ್ಟು ಬಿದ್ದ ಮೇಲೆ ಮನೆಯಲ್ಲಿ ನಾವು ಮಾಡಿದ್ದು

ತಲೆಗೆ ಪೆಟ್ಟು ಬಿದ್ದವರು ಎದ್ದು ನಡೆದಾಡಿದರೆ ಸಾಕು, ಸುತ್ತಲಿನವರು 'ಹುಷಾರಾದರು' ಅಂದುಬಿಡುತ್ತಾರೆ. ನನ್ನ ತಮ್ಮನ ವಿಷಯದಲ್ಲೂ ಹಾಗೇ ಆಯಿತು. ಬೈಕಿನಿಂದ ಬಿದ್ದು, ಆಪರೇಷನ್ ಆಗಿ, ಐಸಿಯುನಿಂದ ಹೊರಬಂದು ಅವನು ನಡೆಯತೊಡಗಿದಾಗ ನೋಡಲು ಬಂದವರೆಲ್ಲ ಸಮಾಧಾನದಿಂದ ಹಿಂತಿರುಗಿದರು. ನಮ್ಮ ಕೆಲಸ ಶುರುವಾದದ್ದೇ ಅಲ್ಲಿಂದ. ಕಾಲಿಗೆ ಬಲ ಬಂದಿತ್ತು. ನೆನಪು, ಗಮನ, ಸಿಟ್ಟಿನ ಮೇಲಿನ ಹಿಡಿತ, ಒಂದು ಕೆಲಸವನ್ನು ತಾನಾಗಿ ಶುರು ಮಾಡುವ ಶಕ್ತಿ ಇವು ಇನ್ನೂ ಬಂದಿರಲಿಲ್ಲ. ಇವು ಸ್ಕ್ಯಾನ್‌ನಲ್ಲೂ ಸರಿಯಾಗಿ ಕಾಣುವುದಿಲ್ಲ, ನೋಡಲು ಬಂದವರ ಕಣ್ಣಿಗೂ ಕಾಣುವುದಿಲ್ಲ. ಅವನ ಜೊತೆಗಿದ್ದು ನನಗೆ ಗಟ್ಟಿಯಾದ ನಂಬಿಕೆ ಒಂದೇ: ಗಾಯಗೊಂಡ ಮೆದುಳಿಗೆ ಕೆಲಸ ಹೇಳುವ ಮೊದಲು ಅದರ ಸುತ್ತಲಿನ ಮನೆಯನ್ನೂ ನಾವು ಮಾತಾಡುವ ರೀತಿಯನ್ನೂ ಬದಲಿಸಬೇಕು.

ಆಸ್ಪತ್ರೆಯ ದಿನಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅಲ್ಲಿ ದಿನವೂ ಕಿವಿಗೆ ಬೀಳುತ್ತಿದ್ದದ್ದು 'ಜಿಸಿಎಸ್ ಎಷ್ಟು' ಅನ್ನುವ ಮಾತು. ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಅನ್ನುವ ವೈದ್ಯರು ರೂಪಿಸಿದ, ರೋಗಿಗೆ ಪ್ರಜ್ಞೆ ಎಷ್ಟಿದೆ ಅಂತ ನೋಡುವ ಅಳತೆ ಅದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ತೀರಾ ಕಡಿಮೆ ಅಂದರೆ 3. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಂಭೀರ ಪೆಟ್ಟು ಅಂತ ಲೆಕ್ಕ. ನಾನು ಒಟ್ಟು ಅಂಕ ಕೇಳುವ ಬದಲು ಮೂರನ್ನೂ ಬಿಡಿಬಿಡಿಯಾಗಿ ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿದ್ದೆ. ಗಂಟಲಲ್ಲಿ ಟ್ಯೂಬ್ ಇದ್ದವನು ಮಾತಾಡುವುದು ಹೇಗೆ? ಅದರಿಂದ ಕಡಿಮೆಯಾದ ಅಂಕ ನೋಡಿ ಎದೆ ಒಡೆದುಕೊಳ್ಳಬೇಕಿಲ್ಲ. 'ಹೇಳಿದಂತೆ ಕೈ ಎತ್ತುತ್ತಾನಾ?' ಅನ್ನುವುದು ನಮಗೆ ಜಾಸ್ತಿ ಮುಖ್ಯವಾಗಿತ್ತು.

ಪ್ರಜ್ಞೆ ಒಮ್ಮೆಲೇ ಬರುವುದಿಲ್ಲ. ಮೊದಲು ಕಣ್ಣು ತೆರೆದ, ಆದರೆ ನಮ್ಮನ್ನು ನೋಡಲಿಲ್ಲ. ಆಮೇಲೆ ದನಿ ಬಂದ ಕಡೆ ಕಣ್ಣು ಹೊರಳಿಸಿದ. ಆಮೇಲೆ ಬಂದದ್ದೇ ಕಷ್ಟದ ಘಟ್ಟ. ಟ್ಯೂಬ್ ಕೀಳುವುದು, ಕೂಗುವುದು, ಮಂಚದಿಂದ ಇಳಿಯಲು ಹೋಗುವುದು. ಮನೆಯವರು ಇದನ್ನು ನೋಡಿ ಹೆದರುತ್ತಾರೆ. ಚೇತರಿಕೆಯ ಹಂತಗಳನ್ನು ಗುರುತಿಸುವ ರಾಂಚೋ ಲಾಸ್ ಅಮಿಗೋಸ್ ಅಳತೆಯಲ್ಲಿ ಈ ಗೊಂದಲ, ಕಿರುಚಾಟ 4ನೇ ಹಂತ. ಅಂದರೆ ಇದು ಕೋಮಾದಿಂದ ಮೇಲೆ ಬರುತ್ತಿರುವ ದಾರಿಯಲ್ಲೇ ಇದೆ. ಇದು ಗೊತ್ತಾದ ಮೇಲೆ ನಮ್ಮ ಕೈ ನಡುಗುವುದು ನಿಂತಿತು. ಹಾಸಿಗೆ ಪಕ್ಕ ಒಂದು ಹೊತ್ತಿಗೆ ಇಬ್ಬರೇ ಇರಬೇಕು, ಅವರಲ್ಲಿ ಒಬ್ಬರೇ ಮಾತಾಡಬೇಕು ಅಂತ ಮಾಡಿದೆವು. ಟಿವಿ ಬಂದ್. ದೀಪ ಮಂದ. ಆದರೆ ಕಿರುಚಾಟ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಅಥವಾ ಎಚ್ಚರವಿದ್ದವನು ಮಂಕಾದರೆ ತಕ್ಷಣ ಸಿಸ್ಟರ್‌ಗೆ ಹೇಳುತ್ತಿದ್ದೆವು. ನೋವು, ಜ್ವರ, ಸೋಂಕು, ತಲೆಯೊಳಗೆ ಮತ್ತೆ ಒತ್ತಡ, ಯಾವುದೂ ಕಾರಣ ಇರಬಹುದು.

ಆ ದಿನಗಳಲ್ಲಿ ಹೊಸ ನೆನಪು ಅಂಟಿಕೊಳ್ಳುವುದಿಲ್ಲ. ಬೆಳಿಗ್ಗೆ ಬಂದವರನ್ನು ಮಧ್ಯಾಹ್ನ ಮರೆತಿರುತ್ತಾನೆ. ನೋಡಲು ಬಂದವರೆಲ್ಲ 'ನಾನು ಯಾರು ಹೇಳು?' ಅಂತ ಪರೀಕ್ಷೆ ಮಾಡುತ್ತಾರೆ. ನಾನು ಅದನ್ನು ಖಡಾಖಂಡಿತ ನಿಲ್ಲಿಸಿದೆ. ಉತ್ತರ ಬಾರದಿದ್ದರೆ ಅವನ ಮುಖದಲ್ಲಿ ಬರುವ ಗಾಬರಿಯಿಂದ ಯಾವ ಲಾಭವೂ ಇಲ್ಲ. ಕೇಳುವ ಬದಲು ಹೇಳುತ್ತಿದ್ದೆವು: 'ನಾನು ನಿನ್ನ ಅಕ್ಕ. ಇದು ಆಸ್ಪತ್ರೆ. ಬೈಕಿನಿಂದ ಬಿದ್ದೆ, ಈಗ ಗುಣ ಆಗ್ತಾ ಇದೀಯ.' ಪ್ರತಿಸಲವೂ ಅವೇ ಮಾತು, ಅದೇ ದನಿ. ಅವನೋ, 'ಈಗಷ್ಟೇ ಆಫೀಸಿಗೆ ಹೋಗಿ ಬಂದೆ ಅಕ್ಕ' ಅಂತ ಪೂರ್ತಿ ವಿವರ ಕೊಡುತ್ತಿದ್ದ. ಅದು ಸುಳ್ಳಲ್ಲ. ನೆನಪಿನ ಖಾಲಿ ಜಾಗವನ್ನು ಮೆದುಳು ಸಿಕ್ಕಿದ್ದರಿಂದ ತುಂಬಿಕೊಳ್ಳುತ್ತದೆ, ಅವನಿಗೆ ಅದೇ ನಿಜ. ವಾದ ಮಾಡದೆ, ಹೌದೂ ಅನ್ನದೆ, ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದೆವು.

ದೇಹದ ಆರೈಕೆಯಲ್ಲಿ ಎರಡು ವಿಷಯ ತುಂಬಾ ಮುಖ್ಯ. ಒಂದು ನುಂಗುವುದು. ಮೂಗಿನ ಟ್ಯೂಬ್ ತೆಗೆದ ಕೂಡಲೇ ಪ್ರೀತಿಯಿಂದ ಬಾಯಿಗೆ ನೀರು ಹಾಕಲು ಎಲ್ಲರಿಗೂ ಕೈ ಬರುತ್ತದೆ. ಎಷ್ಟೋ ಸಲ ಮಂದವಾದ ಆಹಾರಕ್ಕಿಂತ ತೆಳ್ಳಗಿನ ನೀರೇ ಅಪಾಯ. ಬೇಗ ಜಾರಿ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ. ಸ್ಪೀಚ್ ಥೆರಪಿಸ್ಟ್ ಪರೀಕ್ಷಿಸಿ, ಏನು ಕೊಡಬಹುದು, ಎಷ್ಟು ಮಂದ ಇರಬೇಕು ಅಂತ ಹೇಳುವ ತನಕ ನಾವು ಏನೂ ಕೊಡಲಿಲ್ಲ. ನೆಟ್ಟಗೆ ಕೂರಿಸಿ, ಸಣ್ಣ ತುತ್ತು, ನಡುವೆ ಮಾತಿಲ್ಲ, ತಿಂದಾದ ಮೇಲೂ ಅರ್ಧ ಗಂಟೆ ಮಲಗಿಸುವುದಿಲ್ಲ. ತಿಂದ ಮೇಲೆ ದನಿ ಗೊರಗೊರ ಅಂದರೆ ನಿಲ್ಲಿಸಿ ಹೇಳಬೇಕು. ಎರಡನೆಯದು ಸೋತ ಬದಿಯ ಕೈ. ಏಳಿಸುವಾಗ ಆ ಕೈ ಹಿಡಿದು ಎಳೆದರೆ ಭುಜದ ಕೀಲು ಸರಿಯುತ್ತದೆ, ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಫಿಸಿಯೋಥೆರಪಿಸ್ಟ್ ಹತ್ತಿರ ಏಳಿಸುವುದನ್ನು ಮನೆಯವರೆಲ್ಲ ಕಲಿತೆವು.

ಇನ್ನು ಮನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಅವನು ಬೆಳಿಗ್ಗೆ ಎದ್ದು ಮಂಚದ ಮೇಲೆ ಕೂತರೆ ಕೂತೇ ಇರುತ್ತಿದ್ದ. 'ಸ್ನಾನ ಹೇಗೆ ಮಾಡ್ತೀಯ?' ಅಂದರೆ ಒಂದೊಂದಾಗಿ ಸರಿಯಾಗಿ ಹೇಳುತ್ತಿದ್ದ. ಆದರೆ ಏಳುತ್ತಿರಲಿಲ್ಲ. ಸಂಬಂಧಿಕರು ಸೋಮಾರಿತನ ಅಂದರು. ಈ ಮಾತು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ಹಣೆಯ ಹಿಂದಿನ ಮೆದುಳಿನ ಭಾಗಕ್ಕೆ ಪೆಟ್ಟಾದರೆ 'ಗೊತ್ತಿರುವುದು' ಮತ್ತು 'ಶುರು ಮಾಡುವುದು' ಇವೆರಡರ ನಡುವಿನ ಕೊಂಡಿ ಕಳಚುತ್ತದೆ. ಗಾಡಿಯಲ್ಲಿ ಪೆಟ್ರೋಲ್ ಇದೆ, ಸೆಲ್ಫ್ ಹಿಡಿಯುತ್ತಿಲ್ಲ, ಅಷ್ಟೇ. ಬೈದರೆ ಅದು ಹಿಡಿಯುವುದಿಲ್ಲ. ನಾವು 'ಸ್ನಾನ ಮಾಡು' ಅನ್ನುವುದನ್ನು ಬಿಟ್ಟು 'ಟವೆಲ್ ತಗೋ' ಅನ್ನತೊಡಗಿದೆವು. ಮೊದಲ ಹೆಜ್ಜೆ ಮಾತ್ರ. ಟವೆಲ್ ಕೈಗೆ ಬಂದರೆ ಮುಂದಿನದು ತಾನಾಗಿ ಬರುತ್ತಿತ್ತು. ಬಚ್ಚಲ ಗೋಡೆಗೆ ದೊಡ್ಡ ಅಕ್ಷರದ ಕಾರ್ಡ್ ಅಂಟಿಸಿದೆವು, ಒಂದು ಸಾಲಿಗೆ ಒಂದೇ ಕೆಲಸ. ಯಾವ ಸಾಲು ನೋಡದೆ ಮಾಡುತ್ತಾನೋ ಅದನ್ನು ತೆಗೆಯುತ್ತಾ ಬಂದೆವು.

ಹೊಸದು ಕಲಿಸುವಾಗ ಊಹಿಸಲು ಬಿಡಬಾರದು ಅನ್ನುವುದನ್ನು ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಹೇಳಿಕೊಟ್ಟರು. ನೆನಪು ಸೋತವರಿಗೆ ತಾವು ಹೇಳಿದ ತಪ್ಪು ಉತ್ತರವೇ ಮನಸ್ಸಿನಲ್ಲಿ ಕೂತುಬಿಡುತ್ತದೆ. 'ಮಾತ್ರೆ ಎಲ್ಲಿದೆ, ಯೋಚಿಸು' ಅನ್ನುವ ಬದಲು 'ಮಾತ್ರೆ ಈ ಡ್ರಾಯರ್‌ನಲ್ಲಿದೆ' ಅಂತ ತೋರಿಸಿ ತೆರೆಸುವುದು. ಅದು ಗಟ್ಟಿಯಾದ ಮೇಲೆ ಸುಳಿವು ಕಡಿಮೆ ಮಾಡುವುದು. ಸುಮ್ನೆ ಸಹಾಯ ಜಾಸ್ತಿ ಆಯಿತೇನೋ ಅಂತ ಅನಿಸಬಹುದು. ಆದರೆ ಹೀಗೆ ಕಲಿತದ್ದೇ ಅವನಲ್ಲಿ ಉಳಿದದ್ದು.

ದಣಿವಿನ ಬಗ್ಗೆ ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ಹೇಳಬೇಕಿತ್ತು. ಮೊದಲು ಲೀಲಾಜಾಲವಾಗಿ ನಡೆಯುತ್ತಿದ್ದ ಕೆಲಸಕ್ಕೂ ಗಾಯಗೊಂಡ ಮೆದುಳು ಹೆಚ್ಚು ಶ್ರಮ ಪಡಬೇಕು. ಇಬ್ಬರು ಒಟ್ಟಿಗೆ ಮಾತಾಡುವಾಗ ಒಬ್ಬರ ಮಾತು ಹಿಡಿಯುವುದೇ ಅವನಿಗೆ ದೊಡ್ಡ ಕೆಲಸ. ಸಾಕಾದಾಗ ಅವನು ಹಣೆ ಉಜ್ಜುತ್ತಾನೆ, ಮಾತು ತೊದಲುತ್ತದೆ, ಆಮೇಲೆ ಸಿಟ್ಟು. ನಾವು ಸಿಟ್ಟಿನ ತನಕ ಕಾಯದೆ ಹಣೆ ಉಜ್ಜಿದಾಗಲೇ ಕೆಲಸ ನಿಲ್ಲಿಸಿದೆವು. ದಣಿಯುವ ಮೊದಲೇ ವಿಶ್ರಾಂತಿ, ಕಷ್ಟದ ಕೆಲಸ ಬೆಳಿಗ್ಗೆ, ಥೆರಪಿ ಇದ್ದ ದಿನ ಯಾರೂ ಮನೆಗೆ ಬರುವಂತಿಲ್ಲ. ಇಷ್ಟರಿಂದಲೇ ಮನೆಯಲ್ಲಿ ಜಗಳ ಅರ್ಧಕ್ಕರ್ಧ ಇಳಿಯಿತು ಅಂದರೆ ಉತ್ಪ್ರೇಕ್ಷೆ ಅಲ್ಲ.

ತನಗೆ ಏನೂ ಆಗಿಲ್ಲ ಅಂತ ಅವನು ಹೇಳುವುದೂ ಪೆಟ್ಟಿನ ಭಾಗವೇ. ತನ್ನ ಕೊರತೆಯನ್ನು ಗಮನಿಸಬೇಕಾದ ಭಾಗಕ್ಕೇ ಏಟಾಗಿರುತ್ತದೆ. ಬೈಕ್ ಕೀ ಕೊಡು ಅಂತ ದಿನಾ ಕೇಳುತ್ತಿದ್ದ. ಮನೆಯವರು 'ಬೇಡ' ಅಂದರೆ ಅದು ಹಟದ ಮಾತಾಗುತ್ತದೆ. ಅದಕ್ಕೆ ಡಾಕ್ಟರ್ ಹತ್ತಿರವೇ ಹೇಳಿಸಿ, ಬರೆಸಿಕೊಂಡು ಬಂದೆವು. ಫಿಟ್ಸ್ ಬರುವ ಸಾಧ್ಯತೆ, ದೃಷ್ಟಿ, ಬ್ರೇಕ್ ಹಿಡಿಯುವ ವೇಗ ಎಲ್ಲ ನೋಡದೆ ವಾಹನ ಕೊಡಲೇಬಾರದು. ಮದ್ಯವೂ ಬೇಡ. ಫಿಟ್ಸ್ ತಡೆಯುವ ಮಾತ್ರೆಯನ್ನು 'ಚೆನ್ನಾಗಿದ್ದಾನಲ್ಲ' ಅಂತ ನಾವಾಗಿ ನಿಲ್ಲಿಸಬಾರದು.

ಫಿಟ್ಸ್ ಬಂದರೆ ಏನು ಮಾಡಬೇಕು ಅನ್ನುವುದು ಮನೆಯ ಮಕ್ಕಳಿಗೂ ಗೊತ್ತು. ಪಕ್ಕಕ್ಕೆ ಹೊರಳಿಸುವುದು, ತಲೆಯ ಕೆಳಗೆ ಮೆತ್ತಗಿನದು ಇಡುವುದು, ಗಡಿಯಾರ ನೋಡುವುದು. ಬಾಯಿಗೆ ಏನೂ ಹಾಕುವುದಿಲ್ಲ, ಕೈಕಾಲು ಒತ್ತಿ ಹಿಡಿಯುವುದಿಲ್ಲ. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಮತ್ತೊಂದು ಬಂದರೆ ಆಂಬುಲೆನ್ಸ್.

ಅವನ ಹೆಂಡತಿಯ ಮಾತು ಬರೆಯದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಒಂದು ರಾತ್ರಿ ಅವಳು, 'ಅತ್ತಿಗೆ, ಇವರು ಇದ್ದಾರೆ, ಆದರೆ ನನ್ನ ಜೊತೆ ಇದ್ದವರು ಇವರಲ್ಲ' ಅಂದಳು. ಗಂಡ ಬದುಕಿದ್ದಾನೆ, ಆದ್ದರಿಂದ ಅಳುವ ಹಕ್ಕೂ ಅವಳಿಗೆ ಇಲ್ಲ ಅನ್ನುವಂತೆ ಎಲ್ಲರೂ ನಡೆದುಕೊಳ್ಳುತ್ತಿದ್ದರು. ಅಳು ಸರಿಯಾದದ್ದೇ ಅಂತ ನಾನು ಅವಳಿಗೆ ಹೇಳಿದೆ. ಸ್ನಾನ, ಮಾತ್ರೆ, ವ್ಯಾಯಾಮ ಇವನ್ನು ನಾನೂ ಅಪ್ಪನೂ ಹಂಚಿಕೊಂಡೆವು. ಅವಳು ದಿನದಲ್ಲಿ ಸ್ವಲ್ಪ ಹೊತ್ತಾದರೂ ಬರೀ ಹೆಂಡತಿಯಾಗಿ ಅವನ ಪಕ್ಕ ಕೂರಲಿ, ನರ್ಸ್ ಆಗಿ ಅಲ್ಲ ಅನ್ನುವುದು ನನ್ನ ಹಟವಾಗಿತ್ತು. ವಾರಕ್ಕೊಮ್ಮೆ ಮನೆಯಿಂದಲೇ ಹೊರಗೆ ಕಳಿಸುತ್ತಿದ್ದೆವು. ಮೊದಮೊದಲು ಹೋಗಲು ಒಪ್ಪುತ್ತಿರಲಿಲ್ಲ. ಈಗ ಅವಳೇ ಆ ದಿನಕ್ಕೆ ಕಾಯುತ್ತಾಳೆ.

'ಆರು ತಿಂಗಳಲ್ಲಿ ಬಂದದ್ದಷ್ಟೇ' ಅಂತ ಒಬ್ಬರು ಹೇಳಿದ್ದರು. ಮೊದಲ ತಿಂಗಳುಗಳಲ್ಲಿ ಸುಧಾರಣೆ ಬೇಗ ಆಗುತ್ತದೆ ಅನ್ನುವುದು ನಿಜ. ಅಲ್ಲಿಗೆ ಬಾಗಿಲು ಮುಚ್ಚುತ್ತದೆ ಅನ್ನುವುದು ನಿಜವಲ್ಲ, ವರ್ಷಗಳ ಮೇಲೂ ಕಲಿಕೆ ನಡೆಯುತ್ತದೆ. ತಮ್ಮ ಈಗ ಅರ್ಧ ದಿನ ಕೆಲಸಕ್ಕೆ ಹೋಗುತ್ತಾನೆ. ಹೆಸರುಗಳು ಇನ್ನೂ ಕೈಕೊಡುತ್ತವೆ. ಮಾತ್ರೆಗೆ ಫೋನ್ ಅಲಾರಂ ತಾನೇ ಇಡುತ್ತಾನೆ, ದಿನದ ಕೆಲಸವನ್ನು ಡೈರಿಯಲ್ಲಿ ತಾನೇ ಬರೆಯುತ್ತಾನೆ. ಸದ್ಯ ನಾವು ದುಡ್ಡಿನ ಲೆಕ್ಕದ ಮೇಲೆ ಕೂತಿದ್ದೇವೆ. ಪಟ್ಟಿ ಹಿಡಿದು ಒಬ್ಬನೇ ಅಂಗಡಿಗೆ ಹೋಗುತ್ತಾನೆ, ಬಂದ ಮೇಲೆ ಬಿಲ್ಲು ಮತ್ತು ಚಿಲ್ಲರೆ ಇಬ್ಬರೂ ಕೂತು ತಾಳೆ ನೋಡುತ್ತೇವೆ. ತಪ್ಪಿದ ದಿನ ಮಾರನೆಯ ಪಟ್ಟಿಯನ್ನು ಚಿಕ್ಕದು ಮಾಡುತ್ತೇನೆ, ಹೋಗುವುದನ್ನು ಮಾತ್ರ ನಿಲ್ಲಿಸುವುದಿಲ್ಲ.